ನಮ್ಮ ಹಿತ್ತಲಿನ ಭಾನಾಮತಿ

ನಾನು ಬ್ಲೌಸ್ ಹೊಲಿಯುವವಳು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನ್ನ ಹೊಲಿಗೆ ಬಿಚ್ಚಿತು ಎಂದು ಬಂದು ಜಗಳ ತೆಗೆದವರು ಇದುವರೆಗೆ ಯಾರೂ ಇಲ್ಲ. ಈ ಮಾತನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಆದರೆ ನನ್ನ ಜಂಬ ಇಳಿಸಿದ ಒಬ್ಬಳು ನಮ್ಮ ಹಿತ್ತಲಿನಲ್ಲೇ ಇದ್ದಾಳೆ. ಅವಳ ಹತ್ತಿರ ಟೇಪು ಇಲ್ಲ, ಕತ್ತರಿ ಇಲ್ಲ, ಮಷಿನ್ ಇಲ್ಲ, ಇರುವುದೊಂದು ಕೊಕ್ಕು. ಅದರಲ್ಲೇ ಎಲೆಗೆ ಎಲೆ ಸೇರಿಸಿ ಹೊಲಿದು, ಒಳಗೆ ಹತ್ತಿ ಹಾಸಿ, ಮೊಟ್ಟೆ ಇಟ್ಟು ಮರಿ ಮಾಡುತ್ತಾಳೆ.

ಪುಸ್ತಕದಲ್ಲಿ ಇದಕ್ಕೆ ಸಿಂಪಿಗ ಹಕ್ಕಿ ಎಂಬ ಹೆಸರಿದೆ. ಸಿಂಪಿಗ ಎಂದರೆ ದರ್ಜಿ. ನಮ್ಮ ಮನೆಯಲ್ಲಿ ಮಾತ್ರ ಬಹಳ ದಿನ ಇದಕ್ಕೆ ಹೆಸರೇ ಇರಲಿಲ್ಲ. ನಮ್ಮ ಅತ್ತೆಯ ಪ್ರಕಾರ ಕಾಗೆಗಿಂತ ಸಣ್ಣದೆಲ್ಲ ಗುಬ್ಬಿ. ಬೆನ್ನು ಹಸಿರಾಗಿದ್ದರೂ ಗುಬ್ಬಿ, ನೆತ್ತಿ ಇಟ್ಟಿಗೆ ಬಣ್ಣದ್ದಾಗಿದ್ದರೂ ಗುಬ್ಬಿ, ಬಾಲ ನೆಟ್ಟಗೆ ಮೇಲಕ್ಕೆ ಎತ್ತಿಕೊಂಡು ಕುಣಿಯುತ್ತಿದ್ದರೂ ಗುಬ್ಬಿಯೇ. ಅಂಗೈಯಲ್ಲಿ ಮುಚ್ಚಿಟ್ಟರೆ ಕಾಣದಷ್ಟು ಸಣ್ಣ ಜೀವ, ಕೂಗು ಮಾತ್ರ ಇಡೀ ಓಣಿಗೆ ಕೇಳಬೇಕು. ಬೆಳಗಿನ ಚಹಾ ಕುದಿಯುವುದಕ್ಕೂ ಮೊದಲೇ 'ಟುವಿ ಟುವಿ ಟುವಿ' ಎಂದು ಒಂದೇ ಉಸಿರಿಗೆ ಶುರು ಮಾಡುತ್ತದೆ. ಬೆಕ್ಕು ಗೋಡೆ ಹತ್ತಿದರಂತೂ ಕೇಳುವುದೇ ಬೇಡ. ಗಂಡು ಹೆಣ್ಣು ಎರಡೂ ಸೇರಿ ಆ ಬೆಕ್ಕಿನ ವಂಶವನ್ನೇ ಬೈದು ಹಾಕುತ್ತವೆ. 'ನಮ್ಮ ಮನ್ಯಾಗ ನನ್ನಕಿಂತ ದೊಡ್ಡ ದನಿ ಇದೊಂದಕ್ಕ ಅದ' ಎಂದು ಅತ್ತೆ ಮೆಚ್ಚಿಕೊಂಡೇ ಹೇಳುತ್ತಿದ್ದರು.

ನನ್ನ ಮಷಿನ್ ಇರುವುದು ಹಿಂದಿನ ಕೋಣೆಯ ಕಿಟಕಿಯ ಬುಡದಲ್ಲಿ. ಕಿಟಕಿಯಾಚೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ಅಂಜೂರದ ಗಿಡ. ದಿನಾ ಕಸ ಗುಡಿಸಿದಾಗ ಚಿಂದಿ, ದಾರದ ತುಂಡು ಎಲ್ಲ ಆ ಗಿಡದ ಬುಡಕ್ಕೇ ಹೋಗುತ್ತಿತ್ತು. ಒಂದು ಮುಂಗಾರಿನಲ್ಲಿ, ನಾಲ್ಕು ಮಳೆಯಾಗಿ ಅಂಜೂರ ಹೊಸ ಎಲೆ ಬಿಟ್ಟಿದ್ದಾಗ, ಈ ಹಕ್ಕಿ ಆ ಕಸದ ಮೇಲೆ ಕುಳಿತು ದಾರ ಆರಿಸುವುದನ್ನು ಕಂಡೆ. ಕೆಂಪು ದಾರ ಎಳೆದಳು, ಬಿಟ್ಟಳು. ಕರಿ ದಾರ ಎಳೆದಳು, ತೆಗೆದುಕೊಂಡು ಹೋದಳು. ಮತ್ತೆ ಬಂದು ಆ ಬಿಟ್ಟ ಕೆಂಪನ್ನೂ ಒಯ್ದಳು. ಸೀರೆಗೆ ಮ್ಯಾಚಿಂಗ್ ನೋಡಲು ಬರುವ ನನ್ನ ಗಿರಾಕಿಗಳ ಹಾಗೆಯೇ ಇವಳದೂ.

ಕೈಯಲ್ಲಿದ್ದ ತುರಪಾಯಿ, ಅಂದರೆ ಬಟ್ಟೆಯಂಚು ಮಡಿಚಿ ಹಾಕುವ ಕೈಹೊಲಿಗೆ, ಅಲ್ಲೇ ಬಿಟ್ಟು ನೋಡುತ್ತ ಕುಳಿತೆ. ಎದೆಮಟ್ಟದ ಎತ್ತರದಲ್ಲಿ ಎರಡು ಅಗಲ ಎಲೆಗಳನ್ನು ಹತ್ತಿರಕ್ಕೆ ತಂದು, ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ದಾರ ತೂರಿಸಿ, ಆಚೆ ಬದಿಗೆ ಹೋಗಿ ಅದರ ತುದಿ ಎಳೆಯುತ್ತಿದ್ದಳು. ನಮ್ಮ ಹಾಗೆ ಒಂದೇ ದಾರದಲ್ಲಿ ಉದ್ದಕ್ಕೆ ಹೊಲಿದುಕೊಂಡು ಹೋಗುವುದಿಲ್ಲ. ಪ್ರತಿ ತೂತಿಗೂ ಬೇರೆ ದಾರ. ಗಂಟು ಹಾಕುವುದೂ ಇಲ್ಲ. ದಾರದ ತುದಿ ಹೊರಗೆ ಹತ್ತಿಯ ಹಾಗೆ ಉಬ್ಬಿಕೊಂಡು ತೂತಿನಲ್ಲಿ ಸಿಕ್ಕಿ ಕೂರುತ್ತದೆ, ಮತ್ತೆ ಜಾರುವುದಿಲ್ಲ. ಎಳೆತ ಎಷ್ಟು ಹದ ಎಂದರೆ ಎಲೆ ಹರಿಯಲಿಲ್ಲ, ಒಣಗಲಿಲ್ಲ, ಗಿಡದಲ್ಲಿ ಹಸಿರಾಗಿಯೇ ಇತ್ತು. ಹುಮನಾಬಾದಿನಲ್ಲಿ ನನಗೆ ಹೊಲಿಗೆ ಕಲಿಸಿದ, ನಾವೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸು 'ದಾರ ಅಷ್ಟ್ ಎಳೀಬ್ಯಾಡ ಬೇಟಿ, ಬಟ್ಟಿ ಅಳತದ' ಎಂದು ನನ್ನ ಕೈಗೆ ಎಷ್ಟು ಸಲ ಹೊಡೆದಿದ್ದರೋ. ಇವಳಿಗೆ ಯಾವ ಖಾಲಾ ಹೊಡೆದಿದ್ದಳೋ ಗೊತ್ತಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು.

ಈ ವಿಷಯ ಅತ್ತೆಗೆ ಹೇಳಲಿಲ್ಲ. ನನ್ನ ತಪ್ಪು ಅಲ್ಲೇ ಆದದ್ದು. ಹೇಳಿದರೆ ಅವರು ಇಡೀ ಓಣಿಯ ಹೆಂಗಸರನ್ನು ಕರೆದು ತೋರಿಸುತ್ತಾರೆ, ಹಕ್ಕಿ ಹೆದರಿ ಗೂಡು ಬಿಟ್ಟು ಹೋಗುತ್ತದೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಇಲ್ಲಿ ನನ್ನ ಅಕ್ಕನ ಮಾತು ಹೇಳಬೇಕು. ನಾವಿಬ್ಬರೂ ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನ ಹೆಣ್ಣುಮಕ್ಕಳು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಕೆಲವು ವರ್ಷದ ಹಿಂದೆ ಅಕ್ಕನ ಗಂಡ ಹುಮನಾಬಾದಿನಲ್ಲಿ ಅಂಗಡಿ ಹಾಕಿದ್ದರಿಂದ ಅವರು ಅಲ್ಲಿಗೆ ಹೋದರು. ಅಕ್ಕ ಅತ್ತೆಗಾಗಿಯೇ ಒಂದು ಕೋಣೆಗೆ ಸುಣ್ಣ ಹೊಡೆಸಿ, ಹೊಸ ಗಾದಿ ಹಾಕಿಸಿ ಕರೆದಳು. ಅತ್ತೆ ಹೋಗಲಿಲ್ಲ. 'ಹೊಸ ಜಾಗಾದಾಗ ನನಗ ನಿದ್ದಿ ಹತ್ತಂಗಿಲ್ಲ' ಎಂದು ಬಿಟ್ಟರು. ಒಂದು ಸಲವಲ್ಲ, ಕರೆದಾಗಲೆಲ್ಲ ಅದೇ ಮಾತು. ಅಕ್ಕನ ಮನಸ್ಸಿಗೆ ಅದು ನಾಟಿತು. ತಾನು ಅಡಿಗೆ ಮಾಡಿ ಹಾಕಿದ್ದು, ಕಾಲು ಒತ್ತಿದ್ದು ಎಲ್ಲ ಲೆಕ್ಕಕ್ಕೇ ಇಲ್ಲ, ಸಣ್ಣ ಸೊಸೆಯೇ ಹೆಚ್ಚು ಎಂದುಕೊಂಡಳು. ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದಳು. ನಾಲ್ಕು ವರ್ಷ ಹೀಗೇ ಹೋಯಿತು. ನನಗೆ ಒಡಹುಟ್ಟಿದವಳೆಂದರೆ ಅವಳೊಬ್ಬಳೇ. ಅಷ್ಟು ಹತ್ತಿರದ ಊರಿನಲ್ಲಿದ್ದೂ ಹಬ್ಬಕ್ಕೆ ಅಕ್ಕ ಇಲ್ಲದಿರುವುದರಿಂದ ನನಗೆ ಬಹಳ ನೋವಾಗುತ್ತಿತ್ತು.

ಆ ವರ್ಷ ನಾನು ಫೋನಿನಲ್ಲಿ ಕಾಡಿ ಬೇಡಿ, ಮಣ್ಣೆತ್ತಿನ ಅಮಾವಾಸ್ಯೆಗೆ ಅವಳನ್ನು ಬರುವ ಹಾಗೆ ಮಾಡಿದೆ. ಬಂದಳು. ತನ್ನ ಕೈಯಾರೆ ಮಣ್ಣಿನ ಎತ್ತು ಮಾಡಿದಳು, ಅತ್ತೆಯ ಕಾಲು ಮುಟ್ಟಿದಳು, ಹೋಳಿಗೆ ಬಡಿಸಿದಳು. ಅತ್ತೆಯೂ ಇನ್ನೊಂದು ಹಾಕು ಎಂದು ಕೇಳಿ ಹಾಕಿಸಿಕೊಂಡರು. ನಡುವೆ ಗಂಡನ ಫೋನು ಬಂತೆಂದು ಅಕ್ಕ ಹಿತ್ತಲಿಗೆ ಹೋಗಿ ಅಂಜೂರದ ಗಿಡದ ಹತ್ತಿರ ಒಬ್ಬಳೇ ನಿಂತು ಮಾತಾಡಿದಳು. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಸಂಜೆ ಬಸ್ಸಿಗೆ ಅವಳು ಹೋದ ಮೇಲೆ ನನಗೆ ಹಬ್ಬ ಆದದ್ದು ಅವತ್ತೇ ಎನ್ನಿಸಿತು.

ಮೂರು ದಿನದ ನಂತರ ನಾನು ಗುಂಡಿ ಮತ್ತು ಅಸ್ತರ್ ಬಟ್ಟೆ ತರಲು ಬಜಾರಿಗೆ ಹೋಗಿದ್ದೆ. ಅತ್ತೆ ಹಣ್ಣಾದ ಅಂಜೂರ ಹುಡುಕುತ್ತ ಗಿಡಕ್ಕೆ ಕೈ ಹಾಕಿದ್ದಾರೆ. ಎರಡು ಎಲೆ ಒಂದಕ್ಕೊಂದು ಕಟ್ಟಿವೆ. ಅಂಚಿನ ತುಂಬ ಕೆಂಪು ದಾರ, ಕರಿ ದಾರ, ಅರಿಶಿನ ಬಣ್ಣದ ದಾರ.

ನಮ್ಮ ಬೀದರ ಸೀಮೆಯಲ್ಲಿ ಮಾಟಮಂತ್ರಕ್ಕೆ ಭಾನಾಮತಿ ಎನ್ನುತ್ತಾರೆ. ಅತ್ತೆಗೆ ಅದರ ಮೇಲೆ ಎಂಥ ವಿಶ್ವಾಸವೆಂದರೆ, ಎಮ್ಮೆ ಹಾಲು ಕಡಿಮೆ ಕೊಟ್ಟರೆ ಭಾನಾಮತಿ, ಮಿಕ್ಸರ್ ಸುಟ್ಟರೂ ಭಾನಾಮತಿ. ತಲೆ ಬಾಚಿದಾಗ ಉದುರಿದ ಕೂದಲನ್ನು ಯಾರ ಕೈಗೂ ಸಿಗಬಾರದೆಂದು ಸುತ್ತಿ ಮಣ್ಣಿನಲ್ಲಿ ಹೂಳುವವರು ಅವರು. ಅಂಥವರ ಕಣ್ಣಿಗೆ ಈ ಎಲೆ ಬಿತ್ತು. ಅಮಾವಾಸ್ಯೆ ದಿನ, ಅದೇ ಗಿಡದ ಹತ್ತಿರ, ಒಬ್ಬಳೇ ನಿಂತು ಏನೋ ಗುಣುಗುಟ್ಟಿದ ದೊಡ್ಡ ಸೊಸೆ ನೆನಪಾದಳು. ಮುಂದಿನದು ಹೇಳಬೇಕಾಗಿಲ್ಲ.

ನಾನು ಮನೆಗೆ ಬರುವ ಹೊತ್ತಿಗೆ ಹುಮನಾಬಾದಿಗೆ ಫೋನು ಹೋಗಿಯೇ ಬಿಟ್ಟಿತ್ತು. ಅತ್ತೆ ಒಂದು ತಟ್ಟೆಯಲ್ಲಿ ಉಪ್ಪು, ಮೆಣಸಿನಕಾಯಿ, ಕಡ್ಡಿಪೆಟ್ಟಿಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕುಡುಗೋಲು ಹಿಡಿದು ಹಿತ್ತಲಿಗೆ ಹೊರಟಿದ್ದರು.

'ಅತ್ತೀ, ಏನ್ ಮಾಡಾಕತ್ತೀರಿ?' ಎಂದೆ.

'ನಿಮ್ಮಕ್ಕ ಭಾನಾಮತಿ ಮಾಡಿ ನನ್ನ ಮನಿ ಕಟ್ಟಿ ಹೋಗ್ಯಾಳ. ಕೊಯ್ದು ಸುಡಾಕತ್ತೇನಿ. ಸರಿ ಆಕಡಿ.'

ನಾನು ಚೀಲ ಅಲ್ಲೇ ಬಿಟ್ಟು ಓಡಿ ಹೋಗಿ ಗಿಡಕ್ಕೆ ಅಡ್ಡ ನಿಂತೆ. 'ಅದು ಗೂಡ್ರಿ ಅತ್ತೀ. ಹಕ್ಕಿ ಹೊಲದದ. ದಾರ ನನ್ನವು. ಈ ಕೆಂಪು ಎದುರು ಮನಿ ಅವ್ವನ ಬ್ಲೌಸಿಂದು, ಈ ಅರಿಶಿಣದ್ದು ನಿಮ್ಮದೇ ಬ್ಲೌಸಿಂದು.'

'ಗುಬ್ಬಿ ಹೊಲೀತದ? ನಿನಗ ಕಲೀಲಾಕ ಆರ್ ತಿಂಗಳ ಆಯ್ತು, ಗುಬ್ಬಿ ಹೊಲೀತದ?'

ಆ ಗಡಿಬಿಡಿಯಲ್ಲೂ ನನಗೆ ಸಿಟ್ಟು ಬಂತು. 'ಆರಲ್ರಿ, ನಾಕ ತಿಂಗಳ' ಎಂದೆ. ಹೊರಗಿನಿಂದ ಬಂದ ನನ್ನ ಗಂಡ ಕುಡುಗೋಲು ನೋಡಿ, ಇಬ್ಬರ ಮುಖ ನೋಡಿ, 'ನಾ ಇದರಾಗ ಬರಂಗಿಲ್ಲ' ಎಂದು ಮತ್ತೆ ಲಾರಿ ಶೆಡ್ಡಿನ ಕೆಲಸಕ್ಕೆ ಹೊರಟೇ ಹೋದ. ಕೊನೆಗೆ ನಾವಿಬ್ಬರೇ ಒಂದು ಒಪ್ಪಂದಕ್ಕೆ ಬಂದೆವು. ಮರುದಿನ ಮುಂಜಾನೆ ಅತ್ತೆ ಕಿಟಕಿಯಲ್ಲಿ ಕುಳಿತು ಕಣ್ಣಾರೆ ನೋಡುವುದು. ಹಕ್ಕಿ ಹೊಲಿದರೆ ಸರಿ, ಇಲ್ಲದಿದ್ದರೆ ಉಪ್ಪು, ಮೆಣಸಿನಕಾಯಿ, ಬೆಂಕಿ.

ಅಕ್ಕನಿಗೆ ಫೋನು ಹಚ್ಚಿದೆ. ಅಳುತ್ತಿದ್ದಳು. 'ನಾಕ ವರ್ಷಕ್ಕ ಬಂದಿದ್ದೆ ನೋಡು. ನಮ್ಮ ಮನಿ ಅಂತ ಬಂದಿದ್ದೆ. ಭಾನಾಮತಿ ಮಾಡಾಕಿ ಅಂದ್ರಲ್ಲ ನನಗ. ಇನ್ನ ಆ ಹೊಸ್ತಿಲ ತುಳಿಯಂಗಿಲ್ಲ ನಾ.' ನಾನು ಹಕ್ಕಿ, ಗೂಡು, ದಾರ ಎಂದು ಏನೇನೋ ಹೇಳಿದೆ. 'ಆ ಹಕ್ಕಿ ಕಥಿ ನೀನ ಇಟ್ಕೋ' ಎಂದು ಫೋನು ಇಟ್ಟಳು. ಆಮೇಲೆ ಎತ್ತಲೇ ಇಲ್ಲ.

ಮುಂಜಾನೆ ಅತ್ತೆ ಚಹಾದ ಕಪ್ಪಿನೊಂದಿಗೆ ಕಿಟಕಿಗೆ ಬಂದು ಕುಳಿತರು. ಹಕ್ಕಿ ಎದುರಿನ ತಂತಿಗೆ ಬಂತು. 'ಇದಾ? ಈ ಗುಬ್ಬಿನಾ?' ಎಂದು ಅತ್ತೆ ಕೂಗಿದರು. ಹಕ್ಕಿ ಹಾರಿಹೋಯಿತು. ಮತ್ತೆ ಬಂತು. 'ಬಂತ ನೋಡು!' ಎಂದರು. ಮತ್ತೆ ಹಾರಿಹೋಯಿತು. ನಮ್ಮ ಅತ್ತೆ ಎಚ್ಚರವಿದ್ದಾಗ ಸುಮ್ಮನಿದ್ದುದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಕೊನೆಗೆ ಅವರೇ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕುಳಿತರು. ಅದಕ್ಕೂ ಮೊದಲು ನನ್ನ ದಾರದ ಮೇಲೆ ನಂಬಿಕೆ ಇಲ್ಲವೆಂದು, ತಮ್ಮ ಹಸಿರು ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಒಗೆಯುವ ಕಲ್ಲಿನ ಮೇಲೆ ಇಟ್ಟು ಬಂದಿದ್ದರು.

ಹಕ್ಕಿ ಕಲ್ಲಿನ ಮೇಲೆ ಇಳಿಯಿತು. ಬಾಲ ಎತ್ತಿತು, ಇಳಿಸಿತು. ಹಸಿರು ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಒಮ್ಮೆ ಝಾಡಿಸಿ ಕೆಳಗೆ ಹಾಕಿತು. ಸೀರೆ ಅವಳಿಗೆ ಪಸಂದಾಗಲಿಲ್ಲ ಎಂದುಕೊಂಡೆ. ಆಮೇಲೆ ಮತ್ತೆ ಅದನ್ನೇ ಎತ್ತಿಕೊಂಡು ಅಂಜೂರಕ್ಕೆ ಹಾರಿ, ಎಲೆಯ ಕೆಳ ಅಂಚಿನಲ್ಲಿ ಸ್ವಲ್ಪ ಬಾಯಿ ಬಿಟ್ಟಿದ್ದ ಕಡೆ ಕೊಕ್ಕು ಚುಚ್ಚಿ, ದಾರ ತೂರಿಸಿ, ಆಚೆಗೆ ಹೋಗಿ ಎಳೆಯಿತು. ಹಸಿರು ಎಲೆಗೆ ಹಸಿರು ಹೊಲಿಗೆ ಬಿತ್ತು.

ಅತ್ತೆ ಸೆರಗು ಬಾಯಿಂದ ತೆಗೆಯುವುದನ್ನೇ ಮರೆತರು. ಆಮೇಲೆ ಅದನ್ನು ತೆಗೆದು ಪಿಸುದನಿಯಲ್ಲಿ, 'ಯವ್ವಾ, ಇದು ಹೊಲೀತದಲ್ಲೇ' ಎಂದರು. ಅವರಿಗೆ ಪಿಸುದನಿ ಇದೆ ಎಂಬುದೂ ನನಗೆ ಅವತ್ತೇ ಗೊತ್ತಾಯಿತು.

ಅವತ್ತಿನಿಂದ ಅವರು ಆ ಹಕ್ಕಿಯ ಬಂಟರಾದರು. ಬೆಕ್ಕಿಗೆ ಕಾವಲು, ಕಾಗೆಗೆ ಕಾವಲು. ಒಗೆಯುವ ಬಟ್ಟೆಯನ್ನು ಜೋರಾಗಿ ಬಡಿದರೆ ನನಗೆ ಬೈಗುಳ. ಹಳೆಯ ಗಾದಿಯ ಮೂಲೆ ಬಿಚ್ಚಿ ಹತ್ತಿ ತೆಗೆದು ಕಲ್ಲಿನ ಮೇಲೆ ಹಾಕುತ್ತಿದ್ದರು. ಹಕ್ಕಿ ಅದನ್ನು ಒಯ್ದು ಎಲೆಯ ಚೀಲದೊಳಗೆ ಹಾಸುತ್ತಿತ್ತು. ಒಂದು ದಿನ ಅತ್ತೆ ಹಿತ್ತಲಲ್ಲಿ ಕುಳಿತು ತಲೆ ಬಾಚುತ್ತಿದ್ದಾಗ, ಅವರು ಬಾಚಣಿಗೆ ಕೆಳಗಿಟ್ಟ ಕೂಡಲೇ ಹಕ್ಕಿ ಬಂದು ಅದರಲ್ಲಿದ್ದ ಬಿಳಿ ಕೂದಲನ್ನು ಎಳೆದುಕೊಂಡು ಹೋಯಿತು. ನಾನು ಗಾಬರಿಯಾದೆ. ಅತ್ತೆ ಗೂಡಿನ ಕಡೆ ನೋಡುತ್ತ ಕುಳಿತಿದ್ದರು. 'ನನ್ನ ಕೂದಲ ಮ್ಯಾಲ ಮಲಕೋತಾವೇನು ಮರಿಗೋಳು?' ಎಂದರು. ಮರುದಿನದಿಂದ ಕೂದಲು ಹೂಳಲಿಲ್ಲ. ಬಾಚಿ ಬಾಚಿ ಕಲ್ಲಿನ ಮೇಲೆ ಇಟ್ಟು ಬರತೊಡಗಿದರು.

ತಾಯಿಹಕ್ಕಿ ಇಲ್ಲದಾಗ ಇಣುಕಿ ನೋಡಿದರೆ ನಾಲ್ಕು ಮೊಟ್ಟೆ ಕಂಡವು, ಮೇಲೆ ಕೆಂಪು ಚುಕ್ಕಿ. ಸುಮಾರು ಹನ್ನೆರಡು ದಿನಕ್ಕೆ ಮೂರು ಒಡೆದು ಮರಿಯಾದವು. ಆಮೇಲೆ ಗಂಡು ಹೆಣ್ಣು ಎರಡಕ್ಕೂ ಪುರುಸೊತ್ತಿಲ್ಲ. ಹಸಿರು ಹುಳ, ಜೇಡ, ನೊಣ ತಂದು ತಂದು ಹಾಕುತ್ತಿದ್ದವು. ಆ ಇಷ್ಟೇ ಗೂಡಿನಿಂದ ಮೂರು ಬಾಯಿ ಮೇಲೇಳುತ್ತಿದ್ದವು. ಮಳೆ ಜೋರಾಗಿ ಬಂದ ದಿನ ಅತ್ತೆ ಕೊಡೆ ಬಿಚ್ಚಿಕೊಂಡು ಗಿಡದ ಹತ್ತಿರ ನಿಲ್ಲಲು ಹೋದರು. ಮೇಲೆ ಇನ್ನೊಂದು ಅಗಲ ಎಲೆ ಸೂರಿನ ಹಾಗೆ ಬಾಗಿದೆ, ಅದನ್ನು ನೋಡಿಯೇ ಹಕ್ಕಿ ಜಾಗ ಹಿಡಿದಿದೆ ಎಂದು ತೋರಿಸಿ ಒಳಗೆ ಕರೆತಂದೆ.

ಇಷ್ಟೆಲ್ಲ ಸಂತೋಷದ ನಡುವೆ ಅಕ್ಕನ ಫೋನಿಲ್ಲ. ನಾನು ಗೂಡಿನ ಫೋಟೋ ಕಳಿಸಿದೆ, ನೋಡಿದಳು, ಉತ್ತರ ಬರೆಯಲಿಲ್ಲ. ಅತ್ತೆ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಊಟಕ್ಕೆ ಕುಳಿತಾಗ 'ಫೋನ್ ಬಂದಿತ್ತೇನು?' ಎಂದು ಕೇಳುತ್ತಿದ್ದರು. ಯಾರದ್ದು ಎಂದು ನಾನೂ ಕೇಳುತ್ತಿರಲಿಲ್ಲ. ಒಂದು ರೊಟ್ಟಿ ಕಡಿಮೆ ತಿನ್ನುತ್ತಿದ್ದರು. ಅವರು ಯಾರಿಗೂ ತಪ್ಪಾಯಿತು ಎಂದವರಲ್ಲ. ಆ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆಯಾಗಿತ್ತು.

ಮರಿಗಳು ಹಾರಿಹೋದದ್ದು ಒಂದು ಬುಧವಾರ. ಒಂದೊಂದಾಗಿ ಎಲೆಯ ಅಂಚಿಗೆ ಬಂದು, ಪಕ್ಕದ ಟೊಂಗೆಗೆ, ಅಲ್ಲಿಂದ ಗೋಡೆಗೆ. ಮೂರನೆಯದು ಒಗೆಯುವ ಕಲ್ಲಿನ ಮೇಲೆ ಬಿದ್ದು, ಎದ್ದು, ಅತ್ತೆಯ ಕಾಲ ಹತ್ತಿರ ಕುಣಿದು ಹೋಯಿತು. ತಂದೆತಾಯಿ ಎರಡೂ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವು. ಅತ್ತೆ ಚಪ್ಪಾಳೆ ತಟ್ಟಿ ನಕ್ಕರು, ಕಣ್ಣೊರೆಸಿಕೊಂಡರು. ನಾಲ್ಕು ದಿನ ಬಿಟ್ಟು, ಇನ್ನು ಹಕ್ಕಿ ಆ ಗೂಡಿಗೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ನನ್ನ ಕತ್ತರಿ ಕೇಳಿದರು. ಗೂಡನ್ನು ದೇಟಿನ ಸಮೇತ ಕತ್ತರಿಸಿ, ಸ್ಟೀಲ್ ಡಬ್ಬಿಯಲ್ಲಿಟ್ಟರು. 'ನಡಿ, ಹುಮನಾಬಾದಕ್ಕ ಹೋಗೂಣು' ಎಂದರು.

ಬಸ್ಸಿನಲ್ಲಿ ಡಬ್ಬಿ ಅತ್ತೆಯ ತೊಡೆಯ ಮೇಲೇ ಇತ್ತು. ಏನು ಅಡಿಗೆ ಎಂದು ಪಕ್ಕದಲ್ಲಿ ಕುಳಿತ ಹೆಂಗಸು ಕೇಳಿದ್ದೇ ತಡ, ಮುಚ್ಚಳ ತೆಗೆದು ಕಥೆ ಶುರು ಮಾಡಿದರು. ಬಸ್ಸಿನಲ್ಲಿ ಅರ್ಧ ಜನಕ್ಕೆ ನಮ್ಮ ಮನೆಯ ಭಾನಾಮತಿ ಗೊತ್ತಾಯಿತು. ಹುಮನಾಬಾದ್ ಹತ್ತಿರ ಬಂದ ಹಾಗೆ ಮಾತ್ರ ದನಿ ಸಣ್ಣದಾಗುತ್ತ ಹೋಯಿತು. ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಕೈ ಹಿಡಿದುಕೊಂಡರು.

ಅಕ್ಕ ಬಾಗಿಲು ತೆಗೆದು ಅತ್ತೆಯನ್ನು ನೋಡಿ ಹಾಗೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಅತ್ತೆ ಹೊಸ್ತಿಲಾಚೆಯೇ ನಿಂತು ಡಬ್ಬಿ ಮುಂದೆ ಚಾಚಿದರು. ಕೆಂಪು, ಕರಿ ದಾರ ಕಂಡು ಅಕ್ಕ ಮೊದಲು ಕೈ ಹಿಂದೆ ತೆಗೆದಳು. ಆಮೇಲೆ ತೆಗೆದುಕೊಂಡಳು. ಎಲೆ ತಿರುಗಿಸಿ ಹೊಲಿಗೆ ನೋಡಿದಳು, ಬೆರಳಿನಿಂದ ಒಳಗಿನ ಹತ್ತಿ ಸರಿಸಿದಳು.

'ಇದು ನಿಮ್ಮ ಕೂದಲ ಅಲ್ರಿ ಅತ್ತೀ?' ಎಂದಳು.

'ಹೌದವ್ವ. ನಾನೇ ಕೊಟ್ಟೀನಿ.' ಅತ್ತೆ ಕೆಳಗೆ ನೋಡುತ್ತಿದ್ದರು. 'ತಪ್ಪಾಯ್ತು. ಎಲಿ ಹೊಲಿಯೂಕಿಂತ ಮೊದಲ ಆ ಹಕ್ಕಿ ನನ್ನ ಬಾಯಿ ಹೊಲೀಬೇಕಾಗಿತ್ತು.'

ಅಕ್ಕ ಒಂದು ಕೈಯಲ್ಲಿ ಗೂಡು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅತ್ತೆಯ ತೋಳು ಹಿಡಿದಳು. 'ನಿಮ್ಮ ಬಾಯಿ ಹೊಲದ್ರ ನನಗ ಬೈಯವ್ರು ಯಾರ್ರಿ?' ಎಂದಳು. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ನನ್ನ ಸ್ಥಿತಿಯೂ ಬೇರೆ ಇರಲಿಲ್ಲ. ಅತ್ತೆ ಒಳಗೆ ಹೋಗಿ ಮೊದಲು ಕೇಳಿದ್ದು ತಮ್ಮ ಕೋಣೆ ಯಾವುದು ಎಂದು.

ಸಂಜೆ ಬಸ್ಸಿಗೆ ನಾನೊಬ್ಬಳೇ ವಾಪಸ್ಸು ಬಂದೆ. ಎಂಟು ದಿನಕ್ಕೆ ಅಕ್ಕನ ಫೋನು ಬಂತು. ಹಿಂದೆ ಅತ್ತೆ ಯಾರಿಗೋ ಹಕ್ಕಿಯ ಕಥೆ ಹೇಳುತ್ತಿರುವುದು ಇಲ್ಲಿಗೆ ಕೇಳುತ್ತಿತ್ತು.

'ಏನ್ ಬಾಯೇ ಇದು! ನಸಕಿನಾಗ ಸುರು ಆಗ್ತದ, ರಾತ್ರಿ ತನಕ ಮುಗಿಯಂಗಿಲ್ಲ. ಮ್ಯಾಲ ರಾತ್ರಿ ಗೊರಕಿ' ಎಂದಳು ಅಕ್ಕ.

'ಹಂಗಾದ್ರ ನಾಳಿ ಬಂದು ಕರಕೊಂಡ್ ಬರ್ಲಿ?' ಎಂದೆ.

ಅಕ್ಕ ಅತ್ತ ಬಾಗಿಲು ಎಳೆದುಕೊಂಡ ಸಪ್ಪಳ ಕೇಳಿತು.

'ಬ್ಯಾಡ ಬಿಡು' ಎಂದಳು. 'ಇರ್ಲಿ ಇನ್ನಷ್ಟ ದಿನ.'